ಅಪರೂಪದ ಜೆನೆಟಿಕ್ ಕಾಯಿಲೆ ಇರುವ ಮಗುವಿನ ಹಲ್ಲು ಕಾಪಾಡುವುದು ಹೇಗೆ?

ಮಗುವಿಗೆ ಅಪರೂಪದ ಜೆನೆಟಿಕ್ ಕಾಯಿಲೆ ಇದೆ ಎಂದು ಗೊತ್ತಾದ ಮನೆಯಲ್ಲಿ ಹಲ್ಲಿನ ಮಾತು ಕೊನೆಗೆ ಬರುತ್ತದೆ. ಹೃದಯದ ಸ್ಕ್ಯಾನ್, ಫಿಸಿಯೋಥೆರಪಿ, ಮತ್ತೆ ಮತ್ತೆ ರಕ್ತಪರೀಕ್ಷೆ, ತೂಕ ಏರುತ್ತಿಲ್ಲ ಎಂಬ ಚಿಂತೆ. ಇಷ್ಟರ ನಡುವೆ ರಾತ್ರಿ ಬ್ರಷ್ ಹಿಡಿಯುವ ಶಕ್ತಿ ಯಾರಲ್ಲಿ ಉಳಿದಿರುತ್ತದೆ? ನಾನು ಮಕ್ಕಳ ಹಲ್ಲಿನ ವಿಭಾಗದಲ್ಲಿ ಕೆಲಸ ಮಾಡುವವಳು. ಇಂಥ ಮಕ್ಕಳು ನಮ್ಮ ಹತ್ತಿರ ಬರುವುದು ಹೆಚ್ಚಾಗಿ ಮುಖ ಊದಿಕೊಂಡ ಮೇಲೆ. ಆಗ ಉಳಿದಿರುವ ದಾರಿಗಳು ಕಡಿಮೆ.

ಬೇರೆ ಮಗುವಿಗೆ ಹುಳುಕು ಹಲ್ಲು ಕೀಳುವುದು ಕುರ್ಚಿಯ ಮೇಲೆ ಸ್ವಲ್ಪ ಹೊತ್ತಿನ ಕೆಲಸ. ಇಂಥ ಮಗುವಿಗೆ ಅದೇ ಕೆಲಸಕ್ಕೆ ಆಸ್ಪತ್ರೆಗೆ ಸೇರಿಸಬೇಕಾಗಬಹುದು. ಹೃದಯದ ಡಾಕ್ಟರ ಒಪ್ಪಿಗೆ, ರಕ್ತ ಹೆಪ್ಪುಗಟ್ಟಿಸುವ ಇಂಜೆಕ್ಷನ್, ಪೂರ್ತಿ ಅನಸ್ತೇಷಿಯಾ ಎಲ್ಲ ಬೇಕಾಗಬಹುದು. ಅದಕ್ಕೇ ಈ ಮಕ್ಕಳಿಗೆ ಒಂದು ಹುಳುಕು ತಪ್ಪಿಸಿದರೂ ಅದು ಬಹಳ ದೊಡ್ಡ ಲಾಭ. ನೋವು ಶುರುವಾಗುವ ಮೊದಲೇ ಏನೇನು ಮಾಡಬಹುದು ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ತುಟಿ ಎತ್ತಿ ನೋಡಿ

ತಿಂಗಳಿಗೊಮ್ಮೆ ಮಗುವನ್ನು ಬೆಳಕಿರುವ ಕಡೆ ಮಲಗಿಸಿಕೊಂಡು ಮೇಲ್ತುಟಿ ಎತ್ತಿ ನೋಡಿ. ಒಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡರೆ ಹುಳುಕು ಶುರುವಾಗಿರಬಹುದು. ಈ ಹಂತದಲ್ಲಿ ದಂತವೈದ್ಯರ ಹತ್ತಿರ ಫ್ಲೋರೈಡ್ ವಾರ್ನಿಷ್ ಎಂಬ ಲೇಪ ಹಚ್ಚಿಸಿ, ಬ್ರಷ್ ಮಾಡುವುದನ್ನು ಸರಿಪಡಿಸಿಕೊಂಡರೆ ತಡೆಯಬಹುದು. ಡ್ರಿಲ್ ಬೇಕಾಗುವುದಿಲ್ಲ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ತಿಂಗಳು ಹೋಲಿಸಿ ನೋಡಲು ಬೇಕಾಗುತ್ತದೆ.

ನೋಡಬೇಕಾದ್ದಕ್ಕೆ ಇನ್ನೊಂದು ಕಾರಣವೂ ಇದೆ. ಕೆಲವು ಕಾಯಿಲೆಗಳ ಮೊದಲ ಸುಳಿವು ಸಿಗುವುದೇ ಬಾಯಿಯಲ್ಲಿ. ಹಾಲುಹಲ್ಲು ಬೀಳಲು ಶುರುವಾಗುವುದು ಸುಮಾರು 6 ವರ್ಷಕ್ಕೆ. ಅಷ್ಟು ಹೊತ್ತಿಗೆ ಅದರ ಬೇರು ಕರಗಿಹೋಗಿರುತ್ತದೆ. 5 ವರ್ಷ ತುಂಬುವ ಮೊದಲೇ, ಪೆಟ್ಟೂ ಬೀಳದೆ, ಉದ್ದ ಬೇರಿನ ಸಮೇತ ಹಲ್ಲು ಉದುರಿದರೆ "ಬೇಗ ಬಿತ್ತು ಬಿಡು" ಎಂದು ಸುಮ್ಮನಾಗಬೇಡಿ. ಹೈಪೊಫಾಸ್ಫಟೇಸಿಯಾ ಎಂಬ ಮೂಳೆಯ ಕಾಯಿಲೆಯ ಮುಖ್ಯ ಗುರುತು ಇದು. ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮನೆ ಮೇಲೆ ಎಸೆಯುವ ರೂಢಿ ನಮ್ಮಲ್ಲಿದೆ, ಅಲ್ವಾ? ಈ ಹಲ್ಲನ್ನು ಮಾತ್ರ ಎಸೆಯಬೇಡಿ. ತೊಳೆದು ಒಂದು ಡಬ್ಬಿಯಲ್ಲಿ ಹಾಕಿ ಡಾಕ್ಟರಿಗೆ ತೋರಿಸಿ. ಬೇರು ಎಷ್ಟು ಉಳಿದಿದೆ ಎನ್ನುವುದೇ ಅರ್ಧ ಉತ್ತರ.

ಈ ಕಾಯಿಲೆಯಲ್ಲಿ ರಕ್ತದಲ್ಲಿ ಅಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಕಡಿಮೆ ಇರುತ್ತದೆ. ಆದರೆ ಈ ಪರೀಕ್ಷೆಯ ರಿಪೋರ್ಟ್ ಬಂದಾಗ ಸಾಮಾನ್ಯವಾಗಿ ಎಲ್ಲರ ಕಣ್ಣು ಹೋಗುವುದು ಅದು ಜಾಸ್ತಿ ಇದೆಯಾ ಎಂಬ ಕಡೆಗೆ. ಮಕ್ಕಳಿಗೆ ಮೂಳೆ ಬೆಳೆಯುತ್ತಿರುವುದರಿಂದ ದೊಡ್ಡವರಿಗಿಂತ ಈ ಮಟ್ಟ ಮೇಲೇ ಇರಬೇಕು. ದೊಡ್ಡವರ ಅಳತೆ ಇಟ್ಟು ನೋಡಿದರೆ "ನಾರ್ಮಲ್" ಎನಿಸುವ ಸಂಖ್ಯೆ ಮಗುವಿನ ವಯಸ್ಸಿಗೆ ಕಡಿಮೆಯಾಗಿರಬಹುದು. "ಈ ವಯಸ್ಸಿನ ಮಗುವಿಗೆ ಇದು ಸರಿಯಾ ಡಾಕ್ಟ್ರೇ?" ಎಂದು ಬಾಯಿಬಿಟ್ಟು ಕೇಳಿ. ಕೇಳುವ ಹಕ್ಕು ನಿಮಗಿದೆ.

ಇನ್ನು ಕೆಲವು ಸುಳಿವುಗಳು. ಹುಳುಕೇ ಇಲ್ಲದ, ನೋಡಲು ಚೆನ್ನಾಗಿರುವ ಹಲ್ಲಿನ ಬುಡದಲ್ಲಿ ಕೀವಿನ ಗುಳ್ಳೆ ಬರುತ್ತಿದೆ. ಜೊತೆಗೆ ಕಾಲು ಬಾಗಿದೆ, ವಿಟಮಿನ್ ಡಿ ಕೊಟ್ಟರೂ ರಿಕೆಟ್ಸ್ ಗುಣವಾಗಿಲ್ಲ. ಅಂದರೆ ಎಕ್ಸ್‌ಎಲ್‌ಎಚ್ ಎಂಬ, ದೇಹದಿಂದ ಫಾಸ್ಫೇಟ್ ಸೋರಿಹೋಗುವ ಕಾಯಿಲೆಯನ್ನು ಪರೀಕ್ಷಿಸಬೇಕು. ಇದರಲ್ಲಿ ಹಲ್ಲಿನ ಒಳಪದರ ಗಟ್ಟಿಯಾಗಿರುವುದಿಲ್ಲ. ನರವಿರುವ ಭಾಗ ಮೇಲ್ಮೈ ಹತ್ತಿರದವರೆಗೂ ಚಾಚಿಕೊಂಡಿರುತ್ತದೆ. ಕಣ್ಣಿಗೆ ಕಾಣದ ಬಿರುಕು ಸಾಕು, ಸೋಂಕು ಒಳಗೆ ಹೋಗುತ್ತದೆ. ಹಲ್ಲು ಬೂದು ಅಥವಾ ಕಂದು ಬಣ್ಣಕ್ಕಿದ್ದು, ಗಾಜಿನಂತೆ ಹೊಳೆದು, ಬೇಗ ಸವೆದುಹೋಗುತ್ತಿದ್ದರೆ, ಮೂಳೆಯೂ ಸುಲಭವಾಗಿ ಮುರಿಯುತ್ತಿದ್ದರೆ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಇರಬಹುದು. ಅಂಗೈ ಅಂಗಾಲಿನ ಚರ್ಮ ದಪ್ಪಗೆ ಒರಟಾಗಿದ್ದು, ಒಸಡು ಊದಿ, ಹಾಲುಹಲ್ಲುಗಳು ಅಲುಗಾಡುತ್ತಿದ್ದರೆ ಪ್ಯಾಪಿಲಾನ್ ಲೆಫೆವ್ರ್ ಸಿಂಡ್ರೋಮ್ ನೆನಪಾಗಬೇಕು. ಈ ಕೊನೆಯದು ತಂದೆ ತಾಯಿ ಇಬ್ಬರಿಂದಲೂ ಬದಲಾದ ಜೀನ್ ಬಂದಾಗ ಮಾತ್ರ ಬರುತ್ತದೆ. ಸೋದರಮಾವ, ಅತ್ತೆಮಗ ಎಂದು ಸಂಬಂಧದಲ್ಲೇ ಮದುವೆಯಾಗುವ ನಮ್ಮ ಕಡೆ ಇಂಥ ಕಾಯಿಲೆಗಳ ಸಾಧ್ಯತೆ ಜಾಸ್ತಿ. ಇದರಲ್ಲಿ ಯಾರದ್ದೂ ತಪ್ಪಿಲ್ಲ. ಅದರಲ್ಲೂ ತಾಯಿಯೊಬ್ಬಳನ್ನೇ ದೂರುವುದನ್ನು ದಯವಿಟ್ಟು ನಿಲ್ಲಿಸಿ.

ಹಲ್ಲು, ಕೂದಲು, ಬೆವರಿನ ಗ್ರಂಥಿ ಸರಿಯಾಗಿ ಬೆಳೆಯದ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ ಬಗ್ಗೆಯೂ ಹೇಳಲೇಬೇಕು. ನಮ್ಮ ಉಪಖಂಡದಲ್ಲಿ ಇದರ ಚರಿತ್ರೆ ಹಳೆಯದು. ಸಿಂಧ್ ಪ್ರಾಂತ್ಯದ ಒಂದು ಕುಟುಂಬದ ನಾಲ್ಕು ತಲೆಮಾರಿನ ಹತ್ತು ಗಂಡಸರಿಗೆ ಬೆರಳೆಣಿಕೆಯಷ್ಟೇ ಹಲ್ಲು ಇದ್ದವು, ಮೈಮೇಲೆ ಕೂದಲು ತೀರಾ ಕಡಿಮೆ, ಸೆಖೆ ತಡೆಯಲು ಆಗುತ್ತಿರಲಿಲ್ಲ ಎಂದು ಚಾರ್ಲ್ಸ್ ಡಾರ್ವಿನ್ 1875ರಲ್ಲೇ ಬರೆದಿದ್ದರು. ಹೆಣ್ಣುಮಕ್ಕಳಿಗೆ ಅದು ಬಂದಿರಲಿಲ್ಲ. ಇವತ್ತು ನಾವು ಕಾಣುವ ಲಕ್ಷಣಗಳೂ ಅಂಥವೇ. ಹಲ್ಲು ತಡವಾಗಿ ಬರುತ್ತದೆ, ಬಂದರೂ ನಾಲ್ಕಾರು, ಅವೂ ಮೊನಚು. ಕೂದಲು ವಿರಳ. ಬೆವರು ಬರುವುದಿಲ್ಲ, ಹಾಗಾಗಿ ಬೇಸಿಗೆಯಲ್ಲಿ ಕಾರಣವಿಲ್ಲದ ಜ್ವರ. ಒಂದೂವರೆ ವರ್ಷವಾದರೂ ಒಂದೂ ಹಲ್ಲು ಬರದ ಮಗುವನ್ನು "ನಮ್ಮ ಮನೆಯಲ್ಲಿ ಎಲ್ಲರಿಗೂ ತಡವೇ" ಎಂದು ಬಿಡದೆ ಕರೆತನ್ನಿ.

ಎರಡನೇ ಹೆಜ್ಜೆ: ಎಲ್ಲವೂ ಒಂದೇ ಹಾಳೆಯಲ್ಲಿ

ದಪ್ಪ ಫೈಲ್ ತರುವ ಪೋಷಕರು ಬಹಳ. ಅದನ್ನು ಪೂರ್ತಿ ಓದಲು ಹಲ್ಲಿನ ಕ್ಲಿನಿಕ್‌ನಲ್ಲಿ ಸಮಯವಿರುವುದಿಲ್ಲ. ಎಷ್ಟೋ ದಂತವೈದ್ಯರಿಗೆ ನಿಮ್ಮ ಮಗುವಿನ ಕಾಯಿಲೆಯ ಹೆಸರು ಮೊದಲ ಸಲ ಕೇಳಿದ್ದೂ ಇರಬಹುದು. ನಿಮ್ಮ ಜೆನೆಟಿಕ್ಸ್ ಅಥವಾ ಮಕ್ಕಳ ಡಾಕ್ಟರ ಹತ್ತಿರ ಕೂತು ಒಂದು ಹಾಳೆ ಬರೆಸಿಕೊಳ್ಳಿ. ನನ್ನ ಮಟ್ಟಿಗೆ ಈ ಇಡೀ ಲೇಖನದಲ್ಲಿ ನೀವು ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ.

ರಿಪೋರ್ಟಿನಲ್ಲಿ ಇರುವಂತೆಯೇ ಕಾಯಿಲೆಯ ಹೆಸರು, ಜೀನಿನ ಹೆಸರು, ಮಗುವಿನ ಈಗಿನ ತೂಕ, ಕೊಡುತ್ತಿರುವ ಔಷಧಿ, ಆಗದ ಔಷಧಿ, ಹಿಂದೆ ಅನಸ್ತೇಷಿಯಾ ಕೊಟ್ಟಿದ್ದರೆ ಏನಾಯಿತು, ಚಿಕಿತ್ಸೆ ಕೊಡುತ್ತಿರುವ ಡಾಕ್ಟರ ಫೋನ್ ನಂಬರ್. ಇಷ್ಟು ಎಲ್ಲರಿಗೂ ಬೇಕು. ಅದರ ಕೆಳಗೆ ಈ ಪ್ರಶ್ನೆಗಳಿಗೆ ಉತ್ತರ ಇರಲಿ.

ಹೃದಯದಲ್ಲಿ ತೊಂದರೆ ಇದೆಯಾ? ವಿಲಿಯಮ್ಸ್ ಸಿಂಡ್ರೋಮ್, 22ಕ್ಯೂ11 ಡಿಲೀಷನ್ ಇರುವ ಮಕ್ಕಳಲ್ಲಿ ಇದು ಸಾಮಾನ್ಯ. ಕೆಲವು ಹೃದಯದ ತೊಂದರೆಗಳಿದ್ದರೆ ಹಲ್ಲು ಕೀಳುವ ಮೊದಲು ಆಂಟಿಬಯೋಟಿಕ್ ಕೊಡಬೇಕು. ಇಲ್ಲದಿದ್ದರೆ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಹೃದಯದಲ್ಲಿ ಸೋಂಕಾಗುವ ಅಪಾಯವಿದೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಹೃದಯದ ಡಾಕ್ಟರೇ ಬರೆದುಕೊಡಲಿ.

ರಕ್ತ ನಿಲ್ಲುತ್ತದಾ? ಹಿಮೋಫಿಲಿಯಾ ಇರುವ ಮಗುವಿಗೆ ಹಲ್ಲು ಕೀಳುವ ಮೊದಲು, ದವಡೆ ಮರಗಟ್ಟಿಸಲು ಆಳಕ್ಕೆ ಕೊಡುವ ಇಂಜೆಕ್ಷನ್‌ಗೂ ಮೊದಲು, ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಕೊಡಬೇಕಾಗುತ್ತದೆ. ಎಷ್ಟು ಎಂದು ರಕ್ತದ ಡಾಕ್ಟರು ಹೇಳಬೇಕು.

ಎಷ್ಟು ಹೊತ್ತು ಹಸಿದಿರಬಹುದು? ಗ್ಲೈಕೊಜನ್ ಶೇಖರಣೆಯ ಕಾಯಿಲೆಯಂಥ ಮೆಟಬಾಲಿಕ್ ತೊಂದರೆ ಇರುವ ಮಕ್ಕಳಿಗೆ ಉಪವಾಸ ಆಗುವುದೇ ಇಲ್ಲ. ಅನಸ್ತೇಷಿಯಾಕ್ಕೆಂದು ಸುಮ್ನೆ ಹಸಿದು ಕೂರಿಸಿದರೆ ಸಕ್ಕರೆ ಇಳಿದು ಅಪಾಯ. ಇಂಥ ಮಗುವಿಗೆ ಬೆಳಗಿನ ಮೊದಲ ಸರದಿ ಕೇಳಿ. ಹಸಿವಿನ ಹೊತ್ತಿನಲ್ಲಿ ಗ್ಲುಕೋಸ್ ಡ್ರಿಪ್ ಹಾಕುವ ವಿಷಯ ಮೊದಲೇ ಮಾತಾಡಿಕೊಳ್ಳಿ.

ಮೂಳೆ ಗಟ್ಟಿಯಾಗಲು ಪಮಿಡ್ರೊನೇಟ್ ಅಥವಾ ಜೊಲೆಡ್ರೊನೇಟ್ ಡ್ರಿಪ್ ಕೊಡುತ್ತಿದ್ದಾರಾ? ಹಲ್ಲಿನ ಡಾಕ್ಟರಿಗೆ ಹೇಳಲೇಬೇಕು. ಇದನ್ನು ತೆಗೆದುಕೊಂಡವರಲ್ಲಿ ಹಲ್ಲು ಕಿತ್ತ ಜಾಗ ಮಾಯುವುದು ತಡವಾಗಬಹುದು. ಸಾಧ್ಯವಾದರೆ ಡ್ರಿಪ್ ಶುರು ಮಾಡುವ ಮೊದಲೇ ಹಲ್ಲು ತೋರಿಸಿ, ಕೀಳುವಂಥದ್ದು ಇದ್ದರೆ ಮುಗಿಸಿಕೊಳ್ಳಿ.

ಈ ಹಾಳೆಯ ಫೋಟೋ ಮನೆಯ ಎಲ್ಲರ ಫೋನಿನಲ್ಲೂ ಇರಲಿ. ಅಜ್ಜಿಯ ಊರಿನಲ್ಲಿದ್ದಾಗಲೇ ಹಲ್ಲುನೋವು ಬರಬಹುದು.

ಮೂರನೇ ಹೆಜ್ಜೆ: ಮನೆಯಲ್ಲಿ ದಿನಾ ಎರಡು ಸಲ

ಮೊದಲ ಹಲ್ಲು ಕಂಡ ದಿನದಿಂದಲೇ ಬ್ರಷ್. 3 ವರ್ಷದೊಳಗೆ ಅಕ್ಕಿಕಾಳಿನಷ್ಟು ಪೇಸ್ಟ್, 3ರಿಂದ 6 ವರ್ಷಕ್ಕೆ ಬಟಾಣಿಯಷ್ಟು. ಪೇಸ್ಟಿನಲ್ಲಿ ಫ್ಲೋರೈಡ್ ಇರಬೇಕು. ಪ್ಯಾಕಿನ ಮೇಲೆ 1000 ಪಿಪಿಎಂ ಎಂದಿದೆಯಾ ನೋಡಿ. ಮಕ್ಕಳ ಪೇಸ್ಟ್ ಎಂದು ಮಾರುವ ಕೆಲವಕ್ಕೆ ಫ್ಲೋರೈಡೇ ಇರುವುದಿಲ್ಲ, ಕೆಲವಕ್ಕೆ ಅರ್ಧದಷ್ಟಿರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ರಾಯಚೂರು, ಕೊಪ್ಪಳ ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಅಲ್ಲಿಯವರಾದರೆ ಯಾವ ನೀರು ಕುಡಿಯುತ್ತೀರಿ ಎಂದು ಡಾಕ್ಟರಿಗೆ ತಿಳಿಸಿ, ಪೇಸ್ಟ್ ಯಾವುದೆಂದು ಅವರನ್ನೇ ಕೇಳಿ.

ಮಗು ತಾನೇ ಉಜ್ಜುತ್ತೇನೆ ಎಂದರೆ ಉಜ್ಜಲಿ. ಆಮೇಲೆ ನೀವು ಇನ್ನೊಂದು ಸಲ ಉಜ್ಜಿ. ಕೈ ಬಲವಿಲ್ಲದ, ಕಲಿಕೆ ನಿಧಾನವಿರುವ ಮಕ್ಕಳಿಗೆ ಹದಿಹರೆಯದವರೆಗೂ ನಿಮ್ಮ ಕೈ ಬೇಕಾಗಬಹುದು. ಎದುರು ನಿಂತು ಉಜ್ಜುವುದಕ್ಕಿಂತ ತೊಡೆಯ ಮೇಲೆ ತಲೆ ಇಟ್ಟು ಮಲಗಿಸಿಕೊಂಡರೆ ಬಾಯಿ ಚೆನ್ನಾಗಿ ಕಾಣುತ್ತದೆ. ಕುತ್ತಿಗೆ ನಿಲ್ಲದ ಮಗುವಿಗೆ, ಜೊಲ್ಲು ಗಂಟಲಿಗೆ ಇಳಿದು ಕೆಮ್ಮುವ ಮಗುವಿಗೆ, ಸ್ವಲ್ಪ ಎತ್ತರಿಸಿ, ಒಂದು ಪಕ್ಕಕ್ಕೆ ತಿರುಗಿಸಿ. ಪೇಸ್ಟ್ ತೀರಾ ಕಡಿಮೆ ಸಾಕು, ಬಟ್ಟೆಯಿಂದ ಒರೆಸುತ್ತಿರಿ. ಬ್ರಷ್ ಬಾಯಿಗೆ ತಂದರೆ ಕಿರುಚುವ ಮಕ್ಕಳಿಗೆ ಒಂದೇ ದಿನಕ್ಕೆ ಆಗುವ ಕೆಲಸವಲ್ಲ ಇದು. ಮೊದಲು ಕೆನ್ನೆಗೆ ಬ್ರಷ್ ತಾಗಿಸಿ, ಕೆಲವು ದಿನ ಬಿಟ್ಟು ತುಟಿಗೆ, ಆಮೇಲೆ ಮುಂದಿನ ಹಲ್ಲಿಗೆ. ದಿನಾ ಅದೇ ಜಾಗ, ಅದೇ ಹೊತ್ತು, ಅದೇ ಹಾಡು.

ಎಪಿಡರ್ಮೊಲಿಸಿಸ್ ಬುಲ್ಲೋಸಾ ಇರುವ ಮಗುವಿನ ಚರ್ಮ ಸ್ವಲ್ಪ ಉಜ್ಜಿದರೂ ಗುಳ್ಳೆ ಏಳುತ್ತದೆ. ಬಾಯಿಯೊಳಗೂ ಹಾಗೇ. "ಬ್ರಷ್ ಮಾಡಿದರೆ ಗಾಯ ಆಗುತ್ತದಲ್ಲ" ಎಂದು ಅಮ್ಮಂದಿರು ಹೆದರುವುದು ನನಗೆ ಅರ್ಥವಾಗುತ್ತದೆ. ಆದರೆ ಬ್ರಷ್ ನಿಲ್ಲಿಸಿದರೆ ಹುಳುಕಾಗಿ, ಆ ಚಿಕಿತ್ಸೆಯಲ್ಲಿ ಆಗುವ ಗಾಯ ಇನ್ನೂ ದೊಡ್ಡದು. ತಲೆ ಚಿಕ್ಕದಿರುವ, ತೀರಾ ಮೆತ್ತನೆಯ ಬ್ರಷ್ ತನ್ನಿ. ಬೆಚ್ಚನೆಯ ನೀರಿನಲ್ಲಿ ಅದ್ದಿದರೆ ಇನ್ನೂ ಮೆತ್ತಗಾಗುತ್ತದೆ. ಮೊದಲು ತುಟಿಗೆ ವ್ಯಾಸಲೀನ್ ಹಚ್ಚಿ. ಖಾರ ಅನ್ನಿಸುವ ಪುದೀನ ಪೇಸ್ಟ್ ಬೇಡ. ಉರಿ ಇರುವ ದಿನ ಗುಳ್ಳೆ ಇಲ್ಲದ ಕಡೆಯ ಹಲ್ಲನ್ನಾದರೂ ಉಜ್ಜಿ.

ಹೊಟ್ಟೆಗೆ ಹಾಕಿದ ಟ್ಯೂಬಿನಿಂದಲೇ ಊಟ ಮಾಡುವ ಮಗುವಿಗೂ ಬ್ರಷ್ ಬೇಕೇ ಬೇಕು. ಬಾಯಿಂದ ಏನೂ ತಿನ್ನುವುದಿಲ್ಲವಲ್ಲ ಎಂದು ಬಿಟ್ಟುಬಿಡುವವರೇ ಹೆಚ್ಚು. ಅಗಿಯುವ ಕೆಲಸ ಇಲ್ಲದ ಹಲ್ಲಿಗೆ ಪಾಚಿ ಬೇಗ ಗಟ್ಟಿಯಾಗಿ ಕೂರುತ್ತದೆ. ಆ ಕೊಳೆ ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು.

ಊಟದ ವಿಷಯದಲ್ಲಿ ನಾನು ನಿಮಗೆ ಗದರುವುದಿಲ್ಲ. ತೂಕ ಏರಲಿ ಎಂದು ಡಾಕ್ಟರೇ ಪದೇ ಪದೇ ತಿನ್ನಿಸಲು ಹೇಳಿರುತ್ತಾರೆ. ತಿನ್ನಿಸುವುದನ್ನು ಕಡಿಮೆ ಮಾಡಬೇಡಿ, ತಿಂದ ಮೇಲೆ ಎರಡು ಗುಟುಕು ನೀರು ಕುಡಿಸಿ. ಬೆಲ್ಲ ಹಾಕಿದ ರಾಗಿ ಮಣ್ಣಿ ಮೈಗೆ ಒಳ್ಳೆಯದಿರಬಹುದು, ಹಲ್ಲಿಗೆ ಬೆಲ್ಲವೂ ಸಕ್ಕರೆಯೂ ಒಂದೇ. ಕೆನ್ನೆಯಲ್ಲಿ ಅನ್ನ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಬಟ್ಟೆ ಸುತ್ತಿದ ಬೆರಳಿನಿಂದ ತೆಗೆಯಿರಿ. ದಿನಾ ಕೊಡುವ ಸಿರಪ್‌ಗಳಲ್ಲಿ ಸಕ್ಕರೆ ತುಂಬಿರುತ್ತದೆ. ಸಕ್ಕರೆ ಇಲ್ಲದ ಸಿರಪ್ ಅಥವಾ ಮಾತ್ರೆ ಸಿಗುತ್ತದಾ ಎಂದು ಕೇಳಿ. ರಾತ್ರಿಯ ಸಿರಪ್ ಬ್ರಷ್ ಮಾಡುವ ಮೊದಲು ಕೊಡಿ. ಪ್ರಾಡರ್ ವಿಲ್ಲಿ ಎಂಬ ಜೆನೆಟಿಕ್ ಕಾಯಿಲೆ ಇರುವ ಮಕ್ಕಳ ಎಂಜಲು ಅಂಟಂಟಾಗಿ, ಕಡಿಮೆ ಇರುತ್ತದೆ. ಹಲ್ಲನ್ನು ತೊಳೆಯುವ ಕೆಲಸ ಅದರಿಂದ ಆಗುವುದಿಲ್ಲ. ಅವರಿಗೆ ಆಗಾಗ ನೀರು ಕುಡಿಸುವುದು ಇನ್ನೂ ಮುಖ್ಯ.

ನಾಲ್ಕನೇ ಹೆಜ್ಜೆ: ನೋವಿಲ್ಲದಾಗಲೇ ಡಾಕ್ಟರ ಹತ್ತಿರ

ಮೊದಲ ಹುಟ್ಟುಹಬ್ಬದೊಳಗೆ ಒಂದು ಸಲ ತೋರಿಸಿ. ಮಕ್ಕಳ ಹಲ್ಲಿನ ತಜ್ಞರನ್ನು ಪೀಡೋಡಾಂಟಿಸ್ಟ್ ಎನ್ನುತ್ತಾರೆ. ಡೆಂಟಲ್ ಕಾಲೇಜುಗಳಲ್ಲಿ ಈ ವಿಭಾಗ ಇರುತ್ತದೆ. ಮೊದಲೇ ಫೋನ್ ಮಾಡಿ, ಕಾಯಿಲೆ ಹೇಳಿ, ಜನ ಕಡಿಮೆ ಇರುವ ಹೊತ್ತು ಕೇಳಿ. ಬೆವರು ಬರದ ಮಗುವಿಗೆ ಬೆಳಗಿನ ತಂಪು ಹೊತ್ತೇ ಬೇಕು, ಕಾಯುವ ಜಾಗದಲ್ಲಿ ಫ್ಯಾನ್ ಇರಬೇಕು. ಮೊದಲ ದಿನ ಬರೀ ನೋಡುವುದು, ಎಣಿಸುವುದು, ವಾರ್ನಿಷ್ ಹಚ್ಚುವುದು ಸಾಕು. ಆಮೇಲೆ ಮೂರು ತಿಂಗಳಿಗೊಮ್ಮೆ ಹೋಗಿ.

ಮೂಳೆ ಸೂಕ್ಷ್ಮವಿರುವ ಮಗುವನ್ನು ಕೈಕಾಲು ಹಿಡಿದು ಕೂರಿಸಲು ಯಾರಿಗೂ ಬಿಡಬೇಡಿ. ಕುರ್ಚಿಗೆ ನೀವೇ ಎತ್ತಿ ಕೂರಿಸಿ, ಹೇಗೆ ಎತ್ತಬೇಕು ಎಂದು ನಿಮಗೇ ಚೆನ್ನಾಗಿ ಗೊತ್ತು. ಚರ್ಮ ಸುಲಿಯುವ ಮಗುವಿಗೆ ಅಂಟುವ ಟೇಪ್ ಎಲ್ಲೂ ಹಾಕಬಾರದು ಎಂದು ಮೊದಲೇ ಹೇಳಿ. ಹೇಳಲು ಸಂಕೋಚ ಬೇಡ.

ಡ್ರಿಲ್ ಇಲ್ಲದ ಚಿಕಿತ್ಸೆಗಳನ್ನು ಕೇಳಿ ತಿಳಿದುಕೊಳ್ಳಿ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಿದರೆ ಹುಳುಕು ಹರಡುವುದು ಎಷ್ಟೋ ಸಲ ನಿಲ್ಲುತ್ತದೆ. ಹುಳುಕಾದ ಜಾಗ ಕಪ್ಪಾಗುತ್ತದೆ, ಅದು ಮತ್ತೆ ಬಿಳಿಯಾಗುವುದಿಲ್ಲ. ಮುಂದಿನ ಹಲ್ಲಾದರೆ ನೋಡಲು ಚೆಂದ ಕಾಣುವುದಿಲ್ಲ, ನಿಜ. ಆದರೂ ಅನಸ್ತೇಷಿಯಾ ಅಪಾಯವಿರುವ ಮಗುವಿಗೆ ನಾನು ಇದನ್ನೇ ಆರಿಸುತ್ತೇನೆ. ದವಡೆ ಹಲ್ಲಿಗೆ ಕೊರೆಯದೆ, ಇಂಜೆಕ್ಷನ್ ಕೊಡದೆ ಸ್ಟೀಲ್ ಕ್ಯಾಪ್ ಕೂರಿಸುವ ಹಾಲ್ ವಿಧಾನವೂ ಇದೆ. ಸವೆಯುವ ಹಲ್ಲುಗಳಿಗೆ ಈ ಕ್ಯಾಪ್‌ಗಳನ್ನು ಬೇಗ ಹಾಕಿಸುವುದು ಒಳ್ಳೆಯದು.

ಹಲ್ಲೇ ಇಲ್ಲದ ಮಕ್ಕಳಿಗೆ ಸುಮಾರು 3 ವರ್ಷದ ಹೊತ್ತಿಗೇ ಹಲ್ಲಿನ ಸೆಟ್ ಮಾಡಿಸಬಹುದು. ಅಗಿಯಲು, ಮಾತು ಸ್ಪಷ್ಟವಾಗಲು, ಶಾಲೆಯಲ್ಲಿ ನಗಲು ಅದು ಬೇಕು. ದವಡೆ ಬೆಳೆದಂತೆ ಸೆಟ್ ಬಿಗಿಯಾಗುತ್ತದೆ, ಮತ್ತೆ ಮತ್ತೆ ಹೊಸದು ಮಾಡಿಸಬೇಕು. ದವಡೆಯ ಮೂಳೆಗೇ ಕೂರಿಸುವ ಇಂಪ್ಲಾಂಟ್ ಹಲ್ಲಿಗೆ ಸಾಮಾನ್ಯವಾಗಿ ಬೆಳವಣಿಗೆ ನಿಲ್ಲುವವರೆಗೆ ಕಾಯಬೇಕು.

ಐದನೇ ಹೆಜ್ಜೆ: ಅನಸ್ತೇಷಿಯಾ ಬೇಕೇ ಬೇಕು ಎಂದಾಗ

ದೊಡ್ಡ ಆಸ್ಪತ್ರೆಯಲ್ಲೇ, ಐಸಿಯು ಇರುವ ಕಡೆಯೇ ಮಾಡಿಸಿ. ಮ್ಯುಕೊಪಾಲಿಸ್ಯಾಕರಿಡೋಸಿಸ್, ಅಂದರೆ ಎಂಪಿಎಸ್ ಇರುವ ಮಕ್ಕಳಿಗೆ ನಾಲಿಗೆ ದಪ್ಪ, ಗಂಟಲು ಕಿರಿದು, ಕೆಲವು ಬಗೆಗಳಲ್ಲಿ ಕತ್ತಿನ ಮೂಳೆಯೂ ಸ್ಥಿರವಿರುವುದಿಲ್ಲ. ಉಸಿರಿನ ಕೊಳವೆ ಹಾಕುವುದೇ ಕಷ್ಟದ ಕೆಲಸ. ಅನಸ್ತೇಷಿಯಾ ಡಾಕ್ಟರನ್ನು ಕೆಲವು ದಿನ ಮೊದಲೇ ಭೇಟಿಯಾಗಿ ಆ ಒಂದು ಹಾಳೆ ಕೊಡಿ. ಸ್ನಾಯುವಿನ ಕಾಯಿಲೆ ಇದ್ದರೆ ಕೆಲವು ಅನಸ್ತೇಷಿಯಾ ಔಷಧಿಗಳೇ ಆಗುವುದಿಲ್ಲ. ಅದನ್ನು ದಪ್ಪ ಅಕ್ಷರದಲ್ಲಿ ಬರೆಸಿ.

ಒಂದೇ ಅನಸ್ತೇಷಿಯಾದಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಎಂದು ಕೇಳಿ. ಹಲ್ಲಿನ ಜೊತೆಗೇ ಕಿವಿ ಪರೀಕ್ಷೆ, ಕಣ್ಣಿನ ಪರೀಕ್ಷೆ, ರಕ್ತ ತೆಗೆಯುವುದನ್ನು ಸೇರಿಸಬಹುದು. ಬೇರೆ ಬೇರೆ ಡಾಕ್ಟರನ್ನು ಒಂದೇ ದಿನಕ್ಕೆ ಒಪ್ಪಿಸಲು ನೀವೇ ಓಡಾಡಬೇಕಾಗುತ್ತದೆ. ಸುಸ್ತಾಗುತ್ತದೆ, ಆದರೂ ಮಾಡಿ.

ಎಲ್ಲಿಗೆ ಹೋಗುವುದು, ಖರ್ಚು ಹೇಗೆ

ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಹತ್ತಿರ ಸರ್ಕಾರಿ ಡೆಂಟಲ್ ಕಾಲೇಜು ಇದೆ. ಮೈಸೂರು, ಮಂಗಳೂರು, ಮಣಿಪಾಲ, ಧಾರವಾಡ, ದಾವಣಗೆರೆಯಲ್ಲೂ ಡೆಂಟಲ್ ಕಾಲೇಜುಗಳಿವೆ. ಪಕ್ಕದಲ್ಲೇ ಮೆಡಿಕಲ್ ಕಾಲೇಜು ಆಸ್ಪತ್ರೆ ಇರುವ ಕಡೆ ಆರಿಸಿದರೆ ಅನುಕೂಲ. ಕಾಯಿಲೆ ಯಾವುದೆಂದೇ ತಿಳಿಯದಿದ್ದರೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಹೋಗಿ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಇವು ಗುರುತಿಸಿದ ಕೇಂದ್ರಗಳಲ್ಲಿ ಸೇರಿವೆ. ಪಟ್ಟಿಯಲ್ಲಿರುವ ಕಾಯಿಲೆಗಳ ಚಿಕಿತ್ಸೆಗೆ ಇಂಥ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಅದು ಮೂಲ ಕಾಯಿಲೆಗೆ ಕೊಡುವ ಹಣ. ಹಲ್ಲಿನ ಖರ್ಚಿಗೆ ಬೇರೆ ದಾರಿ ನೋಡಬೇಕು. ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿ, ಶಾಲೆಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡಕ್ಕೆ ತೋರಿಸಿದರೆ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾರೆ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ಅಂಗವೈಕಲ್ಯ ಇದ್ದರೆ ನಿರಾಮಯ ಎಂಬ ಸರ್ಕಾರಿ ಆರೋಗ್ಯ ವಿಮೆ ಮಾಡಿಸಬಹುದು. ಹಿಮೋಫಿಲಿಯಾ ಕುಟುಂಬಗಳಿಗೆ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ.

ಕಾಯದೆ ಹೊರಡಬೇಕಾದ್ದು

ಊತ ಕಣ್ಣಿನ ಹತ್ತಿರ ಏರಿದರೆ, ದವಡೆಯ ಕೆಳಗೆ ಕತ್ತಿಗೆ ಇಳಿದರೆ, ಜ್ವರ ಬಂದರೆ, ನುಂಗಲು, ಉಸಿರಾಡಲು ಕಷ್ಟವಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಮೆಡಿಕಲ್ ಶಾಪಿನಲ್ಲಿ ಆಂಟಿಬಯೋಟಿಕ್ ತಂದು ಕೊಟ್ಟು ಕಾಯಬೇಡಿ. ನೋವಿಗೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಕೊಡಬಹುದು, ನಿಮ್ಮ ಡಾಕ್ಟರು ಬೇಡ ಎಂದಿರದಿದ್ದರೆ. ನೋವಿಗೆಂದು ಆಸ್ಪಿರಿನ್ ಯಾವ ಮಗುವಿಗೂ ಬೇಡ. ರಕ್ತಸ್ರಾವದ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಐಬುಪ್ರೊಫೆನ್ ಕೂಡ ಬೇಡ. ಲವಂಗದ ಎಣ್ಣೆಯನ್ನು ಒಸಡಿಗೆ ಸುರಿಯಬೇಡಿ, ಸುಡುತ್ತದೆ.

ಬಿದ್ದು ರಕ್ತ ಬಂದರೆ ಶುದ್ಧ ಬಟ್ಟೆ ಮಡಚಿ 10 ನಿಮಿಷ ಬಿಗಿಯಾಗಿ ಒತ್ತಿಹಿಡಿಯಿರಿ. ಮಧ್ಯದಲ್ಲಿ ತೆಗೆದು ನೋಡಬೇಡಿ. ಶಾಶ್ವತ ಹಲ್ಲು ಬೇರು ಸಮೇತ ಹೊರಬಂದರೆ ಬೇರನ್ನು ಮುಟ್ಟದೆ, ಉಜ್ಜದೆ, ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ದಂತವೈದ್ಯರನ್ನು ತಲುಪಿ. ಹೃದಯ, ರಕ್ತ ಅಥವಾ ರೋಗನಿರೋಧಕ ಶಕ್ತಿಯ ತೊಂದರೆ ಇರುವ ಮಗುವಾದರೆ ಅದನ್ನು ಮತ್ತೆ ಕೂರಿಸಬೇಕೋ ಬೇಡವೋ ಎಂಬುದನ್ನು ಹಾಳೆಯಲ್ಲಿರುವ ಡಾಕ್ಟರನ್ನು ಕೇಳಿ ತೀರ್ಮಾನಿಸಬೇಕು. ದಾರಿಯಲ್ಲೇ ಅವರಿಗೆ ಫೋನ್ ಮಾಡಿ. ಹಾಲುಹಲ್ಲು ಹೊರಬಂದರೆ ವಾಪಸ್ ಕೂರಿಸಬಾರದು, ಒಳಗಿರುವ ಶಾಶ್ವತ ಹಲ್ಲಿಗೆ ಪೆಟ್ಟಾಗುತ್ತದೆ.